ಎರಡು ಲಕ್ಷ ಜನರ ದೇಶ ಫಾತೋರ್ಡಾಕ್ಕೆ ಬಂದಾಗ



ಸಾವೊ ಟೋಮೆ ಮತ್ತು ಪ್ರಿನ್ಸಿಪೆ ಎಂಬ ದೇಶದ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ನಮ್ಮ ಯುವ ಸಂಘದ ಕ್ವಿಜ್‌ನಲ್ಲಿ ಈ ಹೆಸರು ಹೇಳಿ ಇದೇನು ಎಂದು ಕೇಳಿದಾಗ ಒಬ್ಬರು ಯಾರೋ ಸಂತರ ಹೆಸರು ಎಂದರು, ಇನ್ನೊಬ್ಬರು ಫುಟ್ಬಾಲ್ ಕ್ಲಬ್ ಎಂದರು. ಮೊದಲ ಉತ್ತರ ಅರ್ಧ ಸರಿ. ಪೋರ್ಚುಗೀಸ್ ಭಾಷೆಯಲ್ಲಿ ಸಾವೊ ಟೋಮೆ ಎಂದರೆ ಸಂತ ತೋಮಾಸರೇ. 1470ರ ಆಸುಪಾಸಿನಲ್ಲಿ ಪೋರ್ಚುಗೀಸ್ ನಾವಿಕರು ಡಿಸೆಂಬರ್ 21ರಂದು ಆ ದ್ವೀಪವನ್ನು ಕಂಡರು ಎನ್ನುತ್ತಾರೆ. ಆಗಿನ ಪಂಚಾಂಗದಲ್ಲಿ ಅದು ಸಂತ ತೋಮಾಸರ ಹಬ್ಬದ ದಿನ, ಹಾಗಾಗಿ ಅದೇ ಹೆಸರು. ಚೆನ್ನೈಗೆ ಯಾತ್ರೆ ಹೋದವರು ಸ್ಯಾಂಥೋಮ್ ದೇವಾಲಯವನ್ನು ನೋಡಿರುತ್ತೀರಿ. ಆ ಸ್ಯಾಂಥೋಮ್, ಈ ಸಾವೊ ಟೋಮೆ ಎರಡೂ ಒಂದೇ ಹೆಸರು. ಹಾಗೆ ನೋಡಿದರೆ ಈ ದೇಶ ನಮಗೆ ಅಷ್ಟೇನೂ ದೂರದ ನೆಂಟನಲ್ಲ.

ಆಫ್ರಿಕಾದ ಪಶ್ಚಿಮಕ್ಕೆ, ಸಮುದ್ರದ ನಡುವೆ, ಭೂಮಧ್ಯರೇಖೆಯ ಮೇಲೆಯೇ ಕೂತಂತಿರುವ ಎರಡು ದ್ವೀಪಗಳು. ಒಟ್ಟು ವಿಸ್ತೀರ್ಣ ಸುಮಾರು 1,000 ಚದರ ಕಿಲೋಮೀಟರ್, ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹತ್ತನೇ ಒಂದು ಪಾಲು. ಜನಸಂಖ್ಯೆ ಎರಡು ಲಕ್ಷದ ಆಸುಪಾಸು. ಪೋರ್ಚುಗೀಸರು ಬಂದಾಗ ಅಲ್ಲಿ ಮನುಷ್ಯರೇ ಇರಲಿಲ್ಲ. ಆಮೇಲೆ ಬಂದವರಲ್ಲಿ ಹೆಚ್ಚಿನವರು ತಮ್ಮ ಇಚ್ಛೆಯಿಂದ ಬಂದವರಲ್ಲ. ಕಬ್ಬಿನ ತೋಟಕ್ಕೆ, ಮುಂದೆ ಕೋಕೋ ತೋಟಕ್ಕೆ ಗುಲಾಮರಾಗಿ ಹಡಗಿನಲ್ಲಿ ತಂದಿಳಿಸಿದವರು. 20ನೇ ಶತಮಾನದ ಆರಂಭದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುತ್ತಿದ್ದ ಜಾಗಗಳಲ್ಲಿ ಇದೂ ಒಂದು. 1975ರ ಜುಲೈ 12ರಂದು ಸ್ವಾತಂತ್ರ್ಯ ಬಂತು. ಬಾವುಟದಲ್ಲಿ ಹಸಿರು, ಹಳದಿ, ಹಸಿರು ಪಟ್ಟಿ, ಒಂದು ಕೆಂಪು ತ್ರಿಕೋನ, ಎರಡು ದ್ವೀಪಗಳಿಗೆ ಎರಡು ಕಪ್ಪು ನಕ್ಷತ್ರ.

ಈ ಬಾವುಟ ನಮ್ಮ ಪಕ್ಕದ ಗೋವಾಕ್ಕೂ ಒಮ್ಮೆ ಬಂದಿತ್ತು.

2014ರ ಜನವರಿ 18ರಂದು ಮಡಗಾಂವ್ ಪಕ್ಕದ ಫಾತೋರ್ಡಾದ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಲೂಸೊಫೋನಿಯಾ ಕ್ರೀಡಾಕೂಟ ಉದ್ಘಾಟನೆಯಾಯಿತು. ಪೋರ್ಚುಗೀಸ್ ಭಾಷೆ ಆಡುವ ಅಥವಾ ಒಂದು ಕಾಲದಲ್ಲಿ ಪೋರ್ಚುಗೀಸರ ನಂಟಿದ್ದ ನಾಡುಗಳ ಕ್ರೀಡಾಕೂಟ ಅದು. ಮೊದಲ ಕೂಟ 2006ರಲ್ಲಿ ಮಕಾವ್‌ನಲ್ಲಿ, ಎರಡನೆಯದು 2009ರಲ್ಲಿ ಲಿಸ್ಬನ್‌ನಲ್ಲಿ, ಮೂರನೆಯದು ಗೋವಾದಲ್ಲಿ. ಬ್ರೆಜಿಲ್, ಪೋರ್ಚುಗಲ್, ಅಂಗೋಲಾ, ಮೊಜಾಂಬಿಕ್, ಕೇಪ್ ವರ್ಡೆ, ಗಿನಿ ಬಿಸ್ಸಾವ್, ಮಕಾವ್, ಪೂರ್ವ ಟಿಮೋರ್, ಶ್ರೀಲಂಕಾ, ಇವುಗಳ ಜೊತೆಗೆ ಸಾವೊ ಟೋಮೆ. ಆತಿಥೇಯರ ತಂಡದ ಹೆಸರೂ ವಿಶೇಷ: ಗೋವಾ–ಇಂಡಿಯಾ. 451 ವರ್ಷ ಪೋರ್ಚುಗೀಸರ ಕೈಯಲ್ಲಿದ್ದು 1961ರ ಡಿಸೆಂಬರ್ 19ರಂದು ಬಿಡುಗಡೆಯಾದ, ವಿಸ್ತೀರ್ಣದಲ್ಲಿ ನಮ್ಮ ದೇಶದ ಅತಿ ಚಿಕ್ಕ ರಾಜ್ಯ ತನ್ನ ಹೆಸರನ್ನು ದೇಶದ ಹೆಸರಿನ ಜೊತೆ ಬರೆದುಕೊಂಡು ಅಂಗಳಕ್ಕೆ ಇಳಿದಿತ್ತು.

ಕೂಟ ಮೊದಲು 2013ರ ನವೆಂಬರ್‌ಗೆ ನಿಗದಿಯಾಗಿತ್ತು. ಕ್ರೀಡಾಂಗಣಗಳ ಕೆಲಸ ಮುಗಿಯದೆ ಜನವರಿಗೆ ಮುಂದೆ ಹೋಯಿತು. ದೊಡ್ಡ ದೇಶಕ್ಕೆ ದಿನಾಂಕ ಬದಲಾದರೆ ಒಂದು ಪತ್ರ ಬರೆದರೆ ಸಾಕು. ಸಣ್ಣ ದೇಶದವರಿಗೆ ಹಾಗಲ್ಲ. ಅಲ್ಲಿ ಓಡುವವರೂ ಯಾವುದೋ ಕೆಲಸ ಮಾಡಿಕೊಂಡಿರುವವರೇ, ರಜೆ ಕೇಳಬೇಕು, ಟಿಕೆಟ್‌ಗೆ ಮತ್ತೆ ದುಡ್ಡು ಹೊಂದಿಸಬೇಕು. ಆದರೂ ಸಣ್ಣ ನಾಡುಗಳು ಬಂದವು. ಇದು ಮುಖ್ಯ ಎಂದು ನಮಗೆ ಅನಿಸುತ್ತದೆ.

2024ರ ಡಿಸೆಂಬರ್‌ನಲ್ಲಿ ಹಳೇ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಅವಶೇಷಗಳ ದರ್ಶನಕ್ಕೆ ಹೋಗಿದ್ದಾಗ ನಾವು ಫಾತೋರ್ಡಾದಲ್ಲಿ ಒಂದು ರಾತ್ರಿ ಉಳಿದಿದ್ದೆವು. ನಮ್ಮೂರಿನ ಒಂದು ಕುಟುಂಬ ಇಪ್ಪತ್ತು ವರ್ಷಗಳಿಂದ ಅಲ್ಲಿದೆ. ಅನ್ನ, ಸಾರು ಬಡಿಸುತ್ತಾ ಆ ಮನೆಯ ಅಣ್ಣ ಕ್ರೀಡಾಕೂಟದ ದಿನಗಳ ಒಂದು ಮಾತು ಹೇಳಿದರು. ಆಗ ಅವರು ಮಡಗಾಂವ್ ಮಾರುಕಟ್ಟೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರಂತೆ. ಟ್ರ್ಯಾಕ್‌ಸೂಟ್ ಹಾಕಿದ ಇಬ್ಬರು ಆಫ್ರಿಕಾದ ಹುಡುಗರು ಬಂದು ಏನೋ ಕೇಳಿದರು. ಇವರಿಗೆ ಒಂದೂ ಅರ್ಥವಾಗಲಿಲ್ಲ. ಕೊನೆಗೆ ಒಬ್ಬ ಕೈಯಲ್ಲಿ ಆಕಾರ ತೋರಿಸಿ “ಬಾಲ್ದಿ” ಎಂಬಂತೆ ಏನೋ ಅಂದ. “ಬಾಲ್ದಿ ಬೇಕಾ? ಮೊದಲೇ ಹೇಳಬಾರದಾ!” ಎಂದು ಇವರು ಅಚ್ಚ ಕನ್ನಡದಲ್ಲೇ ಉತ್ತರಿಸಿ ಬಕೆಟ್ ತೆಗೆದುಕೊಟ್ಟರಂತೆ. ನಾವೆಲ್ಲ ನಕ್ಕೆವು. ಆದರೆ ನಿಜ, ಬಾಲ್ದಿ, ಚಾವಿ, ಅನಾನಸು, ಪಾದ್ರಿ ಇವೆಲ್ಲ ಪೋರ್ಚುಗೀಸರ ಹಡಗಿನಿಂದ ಇಳಿದು ನಮ್ಮ ಮನೆಗಳಿಗೆ ಬಂದ ಮಾತುಗಳೇ.

ಮರುದಿನ ಬೆಳಿಗ್ಗೆ ಕ್ರೀಡಾಂಗಣದ ಹೊರಗೆ ಒಂದು ಸುತ್ತು ನಡೆದೆವು. 1989ರಲ್ಲಿ ಕಟ್ಟಿದ ಅಂಗಳ. ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯಗಳು ಇಲ್ಲಿ ನಡೆದಿವೆ, 2017ರ 17 ವರ್ಷದೊಳಗಿನವರ ಫುಟ್ಬಾಲ್ ವಿಶ್ವಕಪ್ ಪಂದ್ಯಗಳು ನಡೆದಿವೆ, 2023ರಲ್ಲಿ ರಾಷ್ಟ್ರೀಯ ಕ್ರೀಡಾಕೂಟದ ಉದ್ಘಾಟನೆ ಆಗಿದೆ. ಎಫ್‌ಸಿ ಗೋವಾದ ತವರು ಇದೇ. ನಮ್ಮ ಹುಡುಗರು ಗೇಟಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡದ್ದೂ ಎಫ್‌ಸಿ ಗೋವಾ ಎಂದೇ. ಲೂಸೊಫೋನಿಯಾ ಎಂಬ ಹೆಸರು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಲ್ಕನೆಯ ಕೂಟ 2017ಕ್ಕೆ ಮೊಜಾಂಬಿಕ್‌ನ ಮಪುಟೊದಲ್ಲಿ ಎಂದು ತೀರ್ಮಾನವಾಗಿತ್ತು, ಅದು ನಡೆಯಲಿಲ್ಲ. ಹಾಗಾಗಿ ಗೋವಾದ ನಂತರ ಆ ಸಾಲು ಅಲ್ಲಿಗೇ ನಿಂತಿದೆ.

ಊರಿಗೆ ವಾಪಸ್ ಬರುವಾಗ ಅನಮೋಡ ಘಟ್ಟದಲ್ಲಿ ನಮ್ಮಲ್ಲೊಂದು ಚರ್ಚೆ ಶುರುವಾಯಿತು. ಗೆಲ್ಲುವುದಿಲ್ಲ ಎಂದು ಗೊತ್ತಿದ್ದೂ ಅಷ್ಟು ದೂರದಿಂದ ಯಾಕೆ ಬರುತ್ತಾರೆ? ಖರ್ಚು ಮಾಡಿ ಬಂದು ಕೊನೆಯ ಸ್ಥಾನ ತೆಗೆದುಕೊಂಡು ಹೋಗುವುದರಲ್ಲಿ ಏನಿದೆ?

ಸಂಘದಲ್ಲಿ ಬಿಎಸ್ಸಿ ಓದಿದವರು ಇದ್ದೇವಲ್ಲ, ಲೆಕ್ಕ ಹಾಕದೆ ಬಿಡುವುದಿಲ್ಲ. ಒಂದು ಲಕ್ಷ ಜನರಲ್ಲಿ ಒಬ್ಬರಿಗೆ ಮಾತ್ರ ದೊಡ್ಡ ಓಟಗಾರರಾಗುವ ಮೈಕಟ್ಟು ಇರುತ್ತದೆ ಎಂದು ಇಟ್ಟುಕೊಳ್ಳೋಣ, ಬರೀ ಲೆಕ್ಕಕ್ಕಾಗಿ. ಬ್ರೆಜಿಲ್‌ನಲ್ಲಿ 20 ಕೋಟಿಗೂ ಹೆಚ್ಚು ಜನ, ಅಂದರೆ ಅಂಥವರು 2,000ಕ್ಕೂ ಹೆಚ್ಚು. ಸಾವೊ ಟೋಮೆಯಲ್ಲಿ ಇಬ್ಬರು. ಬ್ರೆಜಿಲ್‌ನ 2,000 ಜನರಲ್ಲಿ 1,900 ಜನ ಯಾವುದೋ ಕಾರಣಕ್ಕೆ ಓಡದೇ ಹೋದರೂ 100 ಜನ ಉಳಿದರು. ಸಾವೊ ಟೋಮೆಯ ಇಬ್ಬರಲ್ಲಿ ಒಬ್ಬಳು ಮೀನು ಮಾರುವ ಅಮ್ಮನ ಜೊತೆ ಪೇಟೆಗೆ ಹೋಗಬೇಕು, ಇನ್ನೊಬ್ಬನ ಶಾಲೆಗೆ ಮೈದಾನವೇ ಇಲ್ಲ ಎಂದಾದರೆ ಲೆಕ್ಕ ಸೊನ್ನೆ. ಸಣ್ಣ ಜಾಗದ ಕಷ್ಟ ಇದು. ಅಲ್ಲಿನ ಜನರಲ್ಲಿ ಯಾವ ಕೊರತೆಯೂ ಇಲ್ಲ, ಆದರೆ ಒಬ್ಬರು ತಪ್ಪಿದರೆ ಆ ಜಾಗ ತುಂಬಲು ಇನ್ನೊಬ್ಬರಿಲ್ಲ.

ಸಾವೊ ಟೋಮೆ ಮೊದಲ ಸಲ ಒಲಿಂಪಿಕ್ಸ್‌ಗೆ ಹೋದದ್ದು 1996ರಲ್ಲಿ, ಅಟ್ಲಾಂಟಾಕ್ಕೆ. ಅಂದಿನಿಂದ ಪ್ರತಿ ಸಲವೂ ಬೆರಳೆಣಿಕೆಯ ಆಟಗಾರರನ್ನು ಕಳುಹಿಸುತ್ತಲೇ ಇದೆ. ಇದುವರೆಗೆ ಒಂದು ಪದಕವೂ ಇಲ್ಲ. ಒಲಿಂಪಿಕ್ಸ್‌ನಲ್ಲಿ ಒಂದು ಒಳ್ಳೆಯ ನಿಯಮ ಇದೆ. ಅರ್ಹತೆಯ ಮಟ್ಟ ಮುಟ್ಟಿದವರು ಯಾರೂ ಇಲ್ಲದ ದೇಶಕ್ಕೂ ಅಥ್ಲೆಟಿಕ್ಸ್‌ನಲ್ಲಿ ತನ್ನ ಅತ್ಯುತ್ತಮ ಓಟಗಾರನನ್ನೋ ಓಟಗಾರ್ತಿಯನ್ನೋ ಕಳುಹಿಸಲು ಅವಕಾಶ ಕೊಡುತ್ತಾರೆ. ಕೆಲವರು ಇದನ್ನು ದಾನ ಎಂದುಕೊಳ್ಳುತ್ತಾರೆ. ನಮಗೆ ಹಾಗೆ ಕಾಣುವುದಿಲ್ಲ. ಮೆರವಣಿಗೆಯಲ್ಲಿ ದೇಶಗಳನ್ನು ಕರೆಯುವುದು ಅಕ್ಷರಮಾಲೆಯ ಕ್ರಮದಲ್ಲಿ, ಜನಸಂಖ್ಯೆಯ ಕ್ರಮದಲ್ಲಿ ಅಲ್ಲ. ಆ ಸಾಲಿನಲ್ಲಿ ಚೀನಾದ ನಂತರ ಯಾರೋ, ಯಾರೋ ನಂತರ ಸಾವೊ ಟೋಮೆ. ಧ್ವನಿವರ್ಧಕದಲ್ಲಿ ಎರಡು ಲಕ್ಷ ಜನರ ಹೆಸರನ್ನು 140 ಕೋಟಿ ಜನರ ಹೆಸರಿನಷ್ಟೇ ಗಟ್ಟಿಯಾಗಿ ಕರೆಯುತ್ತಾರೆ. ಕರೆದಾಗ “ಇದ್ದೇವೆ” ಎನ್ನಲು ಇಬ್ಬರಾದರೂ ಅಲ್ಲಿ ಇರಬೇಕು.

ಇದರ ಬೆಲೆ ಏನು ಎಂದು ನಮಗೆ ಹೇಳಿಕೊಟ್ಟದ್ದು ಪೂರ್ವ ಟಿಮೋರ್‌ನ ಒಬ್ಬ ಓಟಗಾರ್ತಿಯ ಕಥೆ. ಫಾತೋರ್ಡಾಕ್ಕೆ ಬಂದಿದ್ದ ಇನ್ನೊಂದು ಸಣ್ಣ ನಾಡು ಅದು, ಜನರಲ್ಲಿ ಬಹುಪಾಲು ಕಥೋಲಿಕರು. 2024ರ ಸೆಪ್ಟೆಂಬರ್‌ನಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಅಲ್ಲಿಗೆ ಭೇಟಿ ಕೊಟ್ಟಾಗ ಬಲಿಪೂಜೆಗೆ ಸುಮಾರು ಆರು ಲಕ್ಷ ಜನ ಸೇರಿದ್ದನ್ನು ನೀವು ಮೊಬೈಲಿನಲ್ಲಿ ನೋಡಿರುತ್ತೀರಿ. 1999ರ ಆಗಸ್ಟ್ 30ರಂದು ಜನಮತ ನಡೆದು ಅಲ್ಲಿನವರು ಸ್ವಾತಂತ್ರ್ಯ ಬೇಕೆಂದು ಮತ ಹಾಕಿದರು. ಅದರ ಬೆನ್ನಲ್ಲೇ ಭಾರೀ ಹಿಂಸೆ ನಡೆದು ಊರೂರು ಸುಟ್ಟವು. ಮರುವರ್ಷ ಸಿಡ್ನಿ ಒಲಿಂಪಿಕ್ಸ್. ದೇಶ ಇನ್ನೂ ಹುಟ್ಟಿರಲಿಲ್ಲ, ಬಾವುಟ ಇರಲಿಲ್ಲ. ನಾಲ್ವರು ಆಟಗಾರರು ಬಿಳಿ ಬಟ್ಟೆ ತೊಟ್ಟು ಒಲಿಂಪಿಕ್ ಧ್ವಜದ ಕೆಳಗೆ ನಡೆದರು. ಅವರಲ್ಲಿ ಒಬ್ಬಳು ಅಗೀಡಾ ಅಮರಾಲ್, ಮ್ಯಾರಥಾನ್ ಓಟಗಾರ್ತಿ.

42 ಕಿಲೋಮೀಟರ್ ಓಡಿ ಆಕೆ ಕ್ರೀಡಾಂಗಣದ ಒಳಗೆ ಬಂದಳು. ಗೆದ್ದವರು ಯಾವಾಗಲೋ ಗುರಿ ಮುಟ್ಟಿ ಆಗಿತ್ತು. ಓಟ ಮುಗಿಯಿತೆಂದು ತಿಳಿದು ಆಕೆ ಮೊಣಕಾಲೂರಿ ಕೈಮುಗಿದು ಪ್ರಾರ್ಥಿಸಿದಳು. ಅಧಿಕಾರಿಗಳು ಬಂದು ಇಲ್ಲ, ಇನ್ನೂ ಒಂದು ಸುತ್ತು ಇದೆ ಎಂದರು. ಆಕೆ ಎದ್ದು ಆ ಸುತ್ತನ್ನೂ ಓಡಿದಳು. ಇಡೀ ಕ್ರೀಡಾಂಗಣ ಚಪ್ಪಾಳೆ ತಟ್ಟಿತು. ಸ್ಥಾನ 43. ನಾಲ್ಕು ವರ್ಷಗಳ ನಂತರ ಅಥೆನ್ಸ್‌ನಲ್ಲಿ ಅದೇ ಅಮರಾಲ್ ಮತ್ತೆ ಓಡಿದಳು. ಆಗ ಎದೆಯ ಮೇಲೆ ಅವಳ ಸ್ವಂತ ದೇಶದ ಹೆಸರಿತ್ತು. 2002ರ ಮೇ 20ರಂದು ಆ ದೇಶ ಹುಟ್ಟಿತ್ತು.

ಕೊನೆಯವರಾಗಿ ಬರುವುದು ಚಂದ ಎಂದು ಹೇಳಲು ನಾವು ಈ ಕಥೆ ಹೇಳುತ್ತಿಲ್ಲ. ಅದು ಚಂದವಲ್ಲ, ನೋವಾಗುತ್ತದೆ. ಓಡಿದವರಿಗೆ ಗೊತ್ತು. ನಾವು ಹೇಳುವುದು ಇಷ್ಟೇ: ದೇಶದ ಹೆಸರು ಪಟ್ಟಿಗೆ ಸೇರುವ ಮೊದಲೇ ಯಾರೋ ಒಬ್ಬರು ಓಡಿರಬೇಕಾಗುತ್ತದೆ.

ಈಗ ಕಷ್ಟದ ಭಾಗಕ್ಕೆ ಬರೋಣ. ಸಿಡ್ನಿಯ ಅದೇ ಒಲಿಂಪಿಕ್ಸ್‌ನಲ್ಲಿ ಸಾವೊ ಟೋಮೆ ಪರವಾಗಿ 100 ಮೀಟರ್ ಹರ್ಡಲ್ಸ್ ಓಡಿದವಳು ನಾಯ್ಡೆ ಗೋಮೆಸ್. ಹುಟ್ಟಿದ್ದು ಆ ದ್ವೀಪದಲ್ಲಿ, ಬಾಲ್ಯದಲ್ಲೇ ಹೋಗಿ ನೆಲೆಸಿದ್ದು ಪೋರ್ಚುಗಲ್‌ನಲ್ಲಿ. 2001ರಲ್ಲಿ ಆಕೆಗೆ ಪೋರ್ಚುಗಲ್ ಪೌರತ್ವ ಸಿಕ್ಕಿತು. ಆಮೇಲೆ 2004ರಲ್ಲಿ ಒಳಾಂಗಣ ವಿಶ್ವ ಚಾಂಪಿಯನ್‌ಶಿಪ್‌ನ ಪೆಂಟಾಥ್ಲಾನ್‌ನಲ್ಲಿ ಚಿನ್ನ, 2008ರಲ್ಲಿ ಉದ್ದ ಜಿಗಿತದಲ್ಲಿ ಚಿನ್ನ. ಎರಡೂ ಪೋರ್ಚುಗಲ್ ಹೆಸರಿನಲ್ಲಿ. ಜೂಡೋ ಪಟು ಜಾರ್ಜ್ ಫೊನ್ಸೆಕಾ ಕೂಡ ಸಾವೊ ಟೋಮೆಯಲ್ಲಿ ಹುಟ್ಟಿದವನು. ಕ್ಯಾನ್ಸರ್ ಗೆದ್ದು ಬಂದು ಎರಡು ಸಲ ವಿಶ್ವ ಚಾಂಪಿಯನ್ ಆದ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ. ಆ ಕಂಚೂ ಪೋರ್ಚುಗಲ್ ಲೆಕ್ಕಕ್ಕೆ.

ಇದನ್ನು ಓದಿದಾಗ ನಮ್ಮ ಸಂಘದಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಯಾಕೆಂದರೆ ಇದು ನಮ್ಮದೇ ಕಥೆ. ಐದು ವರ್ಷದ ಹಿಂದೆ ಯುವ ಸಂಘದಲ್ಲಿ 23 ಜನ ಇದ್ದೆವು, ಈಗ ಒಂಬತ್ತು. ಕೆಲವರು ಬೆಂಗಳೂರಿನಲ್ಲಿ, ಕೆಲವರು ಗೋವಾದಲ್ಲಿ, ಇಬ್ಬರು ದುಬೈನಲ್ಲಿ. ಕೀಬೋರ್ಡ್ ನುಡಿಸುತ್ತಿದ್ದವರು ಈಗ ನಗರದ ದೊಡ್ಡ ದೇವಾಲಯದ ಗಾಯನವೃಂದದಲ್ಲಿ ನುಡಿಸುತ್ತಾರೆ. ನಮ್ಮ ವಾಲಿಬಾಲ್ ತಂಡದ ಒಳ್ಳೆಯ ಸ್ಮ್ಯಾಷರ್ ಈಗ ಕಂಪನಿಯ ತಂಡದಲ್ಲಿ ಆಡುತ್ತಾನೆ. ಹಬ್ಬಕ್ಕೆ ಬಂದಾಗ ಹೊಸ ಶೂ ತೋರಿಸುತ್ತಾನೆ, ನಮಗೂ ಸಂತೋಷವಾಗುತ್ತದೆ. ಅವನು ಹೋದ ಮೇಲೆ ನೆಟ್ ಕಟ್ಟಲು ಜನ ಸಾಲುವುದಿಲ್ಲ.

ಹೋದವರ ಮೇಲೆ ಸಿಟ್ಟಾಗಬೇಕೇ? ನಾಯ್ಡೆ ಗೋಮೆಸ್ ಗೆದ್ದ ಚಿನ್ನ ಸಾವೊ ಟೋಮೆಯಿಂದ ಕದ್ದದ್ದಲ್ಲ. ಅಲ್ಲಿ ಅವಳಿಗೆ ಸಿಗದ ತರಬೇತಿ ಇಲ್ಲಿ ಸಿಕ್ಕಿತು, ಅವಳು ದುಡಿದು ಗೆದ್ದಳು. ಆದರೆ ಒಂದನ್ನು ಗಮನಿಸಿ. ಆಕೆ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಓಡಿದ್ದು ಆ ಸಣ್ಣ ದೇಶದ ಹೆಸರಿನಲ್ಲಿ. ಇನ್ನೂ ಪದಕ ಗೆಲ್ಲದ, ಇನ್ನೂ ಯಾರಿಗೂ ಗೊತ್ತಿಲ್ಲದ ಇಪ್ಪತ್ತರ ಹುಡುಗಿಗೆ ಒಂದು ಲೇನ್ ಕೊಟ್ಟದ್ದು ಆ ದ್ವೀಪದ ತಂಡ. ಸಣ್ಣ ತಂಡದ ದೊಡ್ಡ ಕೆಲಸ ಇದೇ ಇರಬಹುದು ಎಂದು ನಮಗೆ ಅನಿಸಿತು. ದೊಡ್ಡ ತಂಡಗಳು ಗೊತ್ತಿರುವವರನ್ನು ಆರಿಸಿಕೊಳ್ಳುತ್ತವೆ. ಯಾರಿಗೂ ಗೊತ್ತಿಲ್ಲದವರಿಗೆ ಮೊದಲ ಲೇನ್ ಸಣ್ಣ ತಂಡದಲ್ಲೇ ಸಿಗುವುದು.

ಆ ಲೇನ್ ಮುಚ್ಚಿಹೋದರೆ ಏನಾಗುತ್ತದೆ ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ನಮ್ಮ ಸಿದ್ದಿ ಬಾಂಧವರನ್ನು ನೋಡಿ. ಅವರ ಹಿರಿಯರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರು. ಸಾವೊ ಟೋಮೆಯ ಜನರನ್ನು ತೋಟಕ್ಕೆ ಇಳಿಸಿದ್ದೂ ಅದೇ ಪೋರ್ಚುಗೀಸರ ವ್ಯಾಪಾರ. 1980ರ ದಶಕದ ಕೊನೆಯಲ್ಲಿ, ಮಾರ್ಗರೆಟ್ ಆಳ್ವರವರು ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕಾಡಂಚಿನ ಮಕ್ಕಳು ಸ್ಪೈಕ್ ಶೂ ಹಾಕಿ ಟ್ರ್ಯಾಕ್ ಮೇಲೆ ಓಡಿದರು, ರಾಷ್ಟ್ರಮಟ್ಟಕ್ಕೂ ಹೋದರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಮಕ್ಕಳು ಊರಿಗೆ ಮರಳಿದರು. ಓಡುವ ಕಾಲುಗಳು ಅವೇ ಇದ್ದವು, ಓಡಲು ಲೇನ್ ಇರಲಿಲ್ಲ.

ತೆರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಕೊಡಗನ್ನು ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದಾಗ 60 ಕುಟುಂಬಗಳು ಬಂದವು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ತಂಡಗಳು. ಅಲ್ಲಿ ತಂಡ ಎಂದರೆ ಒಂದು ಮನೆತನ. ಆಟ ಗೊತ್ತಿದ್ದವರೂ ಗೊತ್ತಿಲ್ಲದವರೂ, ಹೆಂಗಸರೂ ಮಕ್ಕಳೂ ಮನೆತನದ ಹೆಸರಿನ ಜರ್ಸಿ ಹಾಕಿ ಇಳಿಯುತ್ತಾರೆ. ಎರಡು ಬಲಹೀನ ಮನೆತನಗಳು ಸೇರಿ ಒಂದು ಬಲವಾದ ತಂಡ ಮಾಡಿದರೆ ಕಪ್ ಗೆಲ್ಲಬಹುದಿತ್ತೇನೋ. ಹಾಗೆ ಮಾಡುವುದಿಲ್ಲ. ಪ್ರತಿ ಮನೆತನದ ಹೆಸರನ್ನೂ ಕರೆಯಬೇಕು, ಅದಕ್ಕೇ ಆ ಪಂದ್ಯಾವಳಿ.

ಫಾತೋರ್ಡಾಕ್ಕೆ ಬಂದಿದ್ದ ಕೇಪ್ ವರ್ಡೆಯ ಮಾತೂ ಕೇಳಿ. ಸುಮಾರು ಐದು ಲಕ್ಷ ಜನ, ನಮ್ಮ ಕೊಡಗು ಜಿಲ್ಲೆಗಿಂತಲೂ ಕಡಿಮೆ. ಅವರೂ 1996ರಲ್ಲೇ ಮೊದಲ ಒಲಿಂಪಿಕ್ಸ್‌ಗೆ ಹೋದವರು. ಬರಿಗೈಯಲ್ಲಿ ಮರಳುತ್ತಾ, ಮರಳುತ್ತಾ 28 ವರ್ಷ. 2024ರಲ್ಲಿ ಪ್ಯಾರಿಸ್‌ನಲ್ಲಿ ಬಾಕ್ಸರ್ ಡೇವಿಡ್ ಡಿ ಪೀನಾ ಕಂಚು ಗೆದ್ದ, ಅದು ಅವರ ಮೊದಲ ಪದಕ. 2025ರ ಅಕ್ಟೋಬರ್‌ನಲ್ಲಿ ಅವರ ಫುಟ್ಬಾಲ್ ತಂಡ 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಪ್ಯಾರಿಸ್‌ನಲ್ಲೇ ಮಹಿಳೆಯರ 100 ಮೀಟರ್ ಓಟದ ಚಿನ್ನ ಗೆದ್ದವಳು ಜೂಲಿಯನ್ ಆಲ್ಫ್ರೆಡ್. ಸಂತ ಲೂಸಿಯಾಳ ಹೆಸರು ಹೊತ್ತ ಸೇಂಟ್ ಲೂಸಿಯಾ ದೇಶದವಳು. ಅಲ್ಲಿಯೂ ಎರಡು ಲಕ್ಷದೊಳಗೇ ಜನ. ಅವಳೂ ಹದಿಹರೆಯದಲ್ಲೇ ತರಬೇತಿಗಾಗಿ ಊರು ಬಿಟ್ಟು ಜಮೈಕಾಕ್ಕೆ, ಮುಂದೆ ಅಮೆರಿಕಕ್ಕೆ ಹೋದಳು. ಆದರೆ ಓಡಿದ್ದು ತನ್ನ ದ್ವೀಪದ ಹೆಸರಿನಲ್ಲಿ. 140 ಕೋಟಿ ಜನರ ನಮ್ಮ ದೇಶಕ್ಕೆ ಪ್ಯಾರಿಸ್‌ನಲ್ಲಿ ಒಂದೂ ಚಿನ್ನ ಬರಲಿಲ್ಲ ಎಂಬುದನ್ನು ಜೊತೆಗೇ ನೆನಪಿಸಿಕೊಂಡರೆ ಸಣ್ಣದು, ದೊಡ್ಡದು ಎಂಬ ನಮ್ಮ ಲೆಕ್ಕ ಎಷ್ಟು ಗಟ್ಟಿ ಎಂದು ಗೊತ್ತಾಗುತ್ತದೆ.

ಇಷ್ಟೆಲ್ಲ ಬರೆಯಲು ಕಾರಣ, ಜನವರಿಯಲ್ಲಿ ನಡೆಯುವ ನಮ್ಮ ವಲಯದ ಯುವ ಕ್ರೀಡಾಕೂಟ. ಪಕ್ಕದ ದೊಡ್ಡ ಧರ್ಮಕೇಂದ್ರದ ಗೆಳೆಯರು ಒಂದು ಮಾತು ಹೇಳಿ ಕಳುಹಿಸಿದ್ದಾರೆ: “ನೀವು ಒಂಬತ್ತು ಜನ, ಬೇರೆ ತಂಡ ಯಾಕೆ? ನಮ್ಮ ಜೊತೆ ಸೇರಿ. ಬಸ್ಸು, ಊಟ ಎಲ್ಲ ನಾವೇ ನೋಡಿಕೊಳ್ಳುತ್ತೇವೆ.” ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು, ಅದರಲ್ಲಿ ಹುರುಳೂ ಇದೆ. ಸೇರಿದರೆ ರಿಲೇಯಲ್ಲಿ ಬಹುಮಾನ ಬರಬಹುದು. ನಮ್ಮಲ್ಲಿ ಗುಂಡು ಎಸೆಯುವ ಒಬ್ಬಳು ಹುಡುಗಿ ಇದ್ದಾಳೆ, ಪಿಯುಸಿ ಓದುತ್ತಿದ್ದಾಳೆ. ಅಲ್ಲಿ ಒಬ್ಬ ದೈಹಿಕ ಶಿಕ್ಷಕರು ವಾರಕ್ಕೆ ಮೂರು ದಿನ ಹೇಳಿಕೊಡುತ್ತಾರೆ. ಇಲ್ಲಿ ಅವಳು ಗದ್ದೆಯ ಬದುವಿನ ಮೇಲೆ ನಿಂತು ಎಸೆಯುತ್ತಾಳೆ, ದೂರ ಅಳೆಯಲು ಅವಳ ತಮ್ಮ ಹೆಜ್ಜೆ ಹಾಕುತ್ತಾನೆ.

ಎರಡು ಭಾನುವಾರ ಪೂಜೆಯ ನಂತರ ಕೂತು ಮಾತಾಡಿದೆವು. ಎಲ್ಲರ ಅಭಿಪ್ರಾಯ ಒಂದೇ ಇರಲಿಲ್ಲ. ಒಬ್ಬರು ನೇರವಾಗಿಯೇ ಕೇಳಿದರು, “ನಮ್ಮ ಹೆಸರಿನ ಅಭಿಮಾನಕ್ಕೆ ಅವಳ ಅವಕಾಶ ಹಾಳಾಗಬೇಕಾ?” ಸರಿಯಾದ ಪ್ರಶ್ನೆ. ಸಾವೊ ಟೋಮೆ ನಮಗೆ ಸಹಾಯಕ್ಕೆ ಬಂದದ್ದು ಇಲ್ಲಿ. ಒಬ್ಬರು ಒಳ್ಳೆಯ ಜಾಗಕ್ಕೆ ಹೋಗುವುದು ಬೇರೆ, ತಂಡ ತನ್ನ ಹೆಸರನ್ನೇ ಪಟ್ಟಿಯಿಂದ ತೆಗೆಯುವುದು ಬೇರೆ. ನಾಯ್ಡೆ ಹೋದಳು, ಆದರೆ ಸಾವೊ ಟೋಮೆ ಒಲಿಂಪಿಕ್ಸ್‌ಗೆ ಹೋಗುವುದನ್ನು ಬಿಡಲಿಲ್ಲ. ಅವಳ ನಂತರದ ಹುಡುಗ ಹುಡುಗಿಯರಿಗೆ ಲೇನ್ ಉಳಿದಿತ್ತು.

ಹಾಗಾಗಿ ನಮ್ಮ ತೀರ್ಮಾನ ಹೀಗೆ. ಗುಂಡು ಎಸೆತದ ಹುಡುಗಿ ಪಕ್ಕದ ಧರ್ಮಕೇಂದ್ರಕ್ಕೆ ಅಭ್ಯಾಸಕ್ಕೆ ಹೋಗುತ್ತಾಳೆ, ಅವಳ ಬಸ್ ಚಾರ್ಜು ಸಂಘದ ಡಬ್ಬಿಯಿಂದ. ಯಾರ ಹೆಸರಿನಲ್ಲಿ ಎಸೆಯಬೇಕು ಎಂಬುದು ಅವಳ ಮತ್ತು ಅವಳ ಮನೆಯವರ ನಿರ್ಧಾರ, ನಾವು ಒತ್ತಾಯ ಮಾಡುವುದಿಲ್ಲ. ಮುಂದೆ ಅವಳು ದೊಡ್ಡ ತಂಡಕ್ಕೆ ಹೋದರೆ ಮೊದಲ ಚಪ್ಪಾಳೆ ನಮ್ಮದೇ. ಬಸ್ಸಿನಲ್ಲಿ ಗೆಳೆಯರ ಜೊತೆಗೇ ಹೋಗುತ್ತೇವೆ, ಊಟದ ಖರ್ಚಿನಲ್ಲಿ ನಮ್ಮ ಪಾಲು ಕೊಡುತ್ತೇವೆ. ಆದರೆ ಪ್ರವೇಶ ಪತ್ರದಲ್ಲಿ ನಮ್ಮ ಧರ್ಮಕೇಂದ್ರದ ಹೆಸರು ಇರುತ್ತದೆ. ವಾಲಿಬಾಲ್, ಹಗ್ಗಜಗ್ಗಾಟಕ್ಕೆ ನಮ್ಮಲ್ಲಿ ಜನ ಸಾಲರು, ಬಿಟ್ಟಿದ್ದೇವೆ. 100 ಮೀಟರ್, 400 ಮೀಟರ್, ಉದ್ದ ಜಿಗಿತಕ್ಕೆ ಸೇರುತ್ತೇವೆ, ಹುಡುಗರ ರಿಲೇಗೆ ಸರಿಯಾಗಿ ನಾಲ್ವರಿದ್ದಾರೆ. ಒಬ್ಬರಿಗೆ ಜ್ವರ ಬಂದರೆ ರಿಲೇ ಇಲ್ಲ. ಎರಡು ಲಕ್ಷ ಜನರ ದೇಶದ ಲೆಕ್ಕ ನಮಗೂ ಅನ್ವಯಿಸುತ್ತದೆ.

ಪೋಷಕರಲ್ಲಿ ಒಂದು ವಿನಂತಿ. “ಗೆಲ್ಲದ ಮೇಲೆ ಯಾಕೆ ಹೋಗಬೇಕು” ಎಂದು ಮಕ್ಕಳಿಗೆ ಹೇಳಬೇಡಿ. ಎಂಟನೇ ತರಗತಿಯಿಂದ ಮೇಲಿನವರು ಯಾರಿದ್ದರೂ ಮುಂದಿನ ಭಾನುವಾರ ಪೂಜೆಯ ನಂತರ ಹೆಸರು ಕೊಡಲಿ. ಶೂ ಇಲ್ಲದವರೂ ಬರಲಿ, ಬೆಂಗಳೂರಿನಲ್ಲಿರುವ ನಮ್ಮ ಸ್ಮ್ಯಾಷರ್ ತನ್ನ ಹಳೆಯ ಎರಡು ಜೊತೆ ಕಳುಹಿಸುತ್ತೇನೆ ಎಂದಿದ್ದಾನೆ. ದೂರದಲ್ಲಿರುವ ನಮ್ಮ ಹಳೆಯ ಸದಸ್ಯರೇ, ನೀವೂ ಇದನ್ನು ಓದುತ್ತಿದ್ದರೆ ರಜೆ ಹೊಂದಿಸಿಕೊಂಡು ಬಂದು ಗ್ಯಾಲರಿಯಲ್ಲಿ ಕೂತು ಕೂಗಿ. ಗಂಟಲಿಗೆ ಜನಸಂಖ್ಯೆ ಬೇಕಾಗಿಲ್ಲ.

ಇನ್ನೊಂದು ಕೆಲಸ ಬಾಕಿ ಇದೆ. ಮೆರವಣಿಗೆಯಲ್ಲಿ ಹೆಸರಿನ ಫಲಕ ಹಿಡಿಯಲು ಒಬ್ಬರು ಬೇಕು. ಒಂಬತ್ತು ಜನರಲ್ಲಿ ಒಬ್ಬರು ಫಲಕ ಹಿಡಿದರೆ ಹಿಂದೆ ನಡೆಯುವವರು ಎಂಟು. ಯಾರಾದರೂ ಬಂದು ಫಲಕ ಹಿಡಿದರೆ ಒಂಬತ್ತೂ ಜನ ಹಿಂದೆ ನಡೆಯಬಹುದು. ಓಡಲು ಬಾರದವರೂ ಈ ಕೆಲಸಕ್ಕೆ ಹೆಸರು ಕೊಡಬಹುದು.